ಗೊಂಬೆ ಮೆಟ್ಟಿಲ ಕೆಳಗಿನ ಪೆಟ್ಟಿಗೆಗಳು

ಗೋದಾಗೆ ಅವಳ ಅಕ್ಕ ಯಮುನಾಳನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಗಂಡ ರಾಘವನಿಗೆ ಗೊತ್ತಿತ್ತು, ಹೈಸ್ಕೂಲಿನಲ್ಲಿ ಅವಳ ಜೊತೆ ಪಾಠ ಹೇಳುವ ಟೀಚರುಗಳಿಗೆ ಗೊತ್ತಿತ್ತು, ಚಾಮರಾಜಪೇಟೆಯ ಅವರ ಬೀದಿಯ ತಿರುವಿನಲ್ಲಿ ಹೂ ಕಟ್ಟುವ ಬಸವಮ್ಮನಿಗೂ ಗೊತ್ತಿತ್ತು. ಅಕ್ಕನಿಗೆ ಮಾತ್ರ ಗೊತ್ತಿಲ್ಲವೆಂದು ಗೋದಾ ನಂಬಿದ್ದಳು.

ಐವತ್ತು ದಾಟಿದ ಮೇಲೂ ಒಡಹುಟ್ಟಿದವಳ ಮೇಲೆ ಹೊಟ್ಟೆಕಿಚ್ಚುಪಡುವುದು ಚೆನ್ನಾಗಿ ಕಾಣುವುದಿಲ್ಲ, ನಿಜ. ಆದರೆ ಹೊಟ್ಟೆಕಿಚ್ಚಿಗೆ ನಿವೃತ್ತಿ ವಯಸ್ಸನ್ನು ಯಾರೂ ಗೊತ್ತುಮಾಡಿಲ್ಲವಲ್ಲ. ಹಬ್ಬದ ಹೊಸ ಲಂಗ ಅಕ್ಕನಿಗೆ, ಅದು ಅವಳಿಗೆ ಗಿಡ್ಡವಾದ ಮೇಲೆ ಗೋದಾಗೆ. ಸಂಗೀತದ ಪಾಠ ಅಕ್ಕನಿಗೆ, ಅಕ್ಕ ಪಾಠಕ್ಕೆ ಹೋದಾಗ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರುವ ಕೆಲಸ ಗೋದಾಗೆ. ದಸರೆಗೆ ಕೂರಿಸುವ ಅಮ್ಮನ ಪಟ್ಟದ ಗೊಂಬೆಗಳು ಮದುವೆಯಲ್ಲಿ ಅಕ್ಕನ ಜೊತೆ ಹೋದವು. ಗೋದಾಳ ಮದುವೆಗೆ ಅಂಗಡಿಯಿಂದ ಹೊಸ ಜೋಡಿ ಬಂತು, ಅದರಲ್ಲಿ ರಾಜನಿಗೆ ಸ್ವಲ್ಪ ಮೆಳ್ಳಗಣ್ಣು. ಇವನ್ನೆಲ್ಲ ಗೋದಾ ಹೇಗೋ ನುಂಗಿಕೊಂಡಿದ್ದಳು. ನುಂಗಲಾಗದೆ ಗಂಟಲಲ್ಲೇ ಉಳಿದದ್ದು ಅಪ್ಪನ ಸ್ಪೀಕರುಗಳು.

ಅಪ್ಪ ಶೀನಣ್ಣ ಟೆಲಿಫೋನ್ ಇಲಾಖೆಯಲ್ಲಿದ್ದವರು. ಆಫೀಸು ಮುಗಿಸಿ ಮನೆಗೆ ಬಂದರೆ ಬೆಸುಗೆ ಕಡ್ಡಿ ಹಿಡಿದು ಕೂರುತ್ತಿದ್ದರು. ಅವರು ಕೈಯಾರೆ ಮಾಡಿದ ಒಂದು ವಾಲ್ವ್ ಆಂಪ್ಲಿಫೈಯರ್ ಇತ್ತು. ಗಾಜಿನ ವಾಲ್ವುಗಳು ನಿಧಾನವಾಗಿ ಬಿಸಿಯಾಗಿ, ಒಳಗೆ ದೀಪದ ಕುಡಿಯಷ್ಟು ಕೆಂಪು ಹತ್ತಿಕೊಂಡ ಮೇಲೆಯೇ ಅದು ಬಾಯಿ ಬಿಡುತ್ತಿತ್ತು. ಶಕ್ತಿ ಎಂಟೇ ವ್ಯಾಟ್. ಇವತ್ತು ಛತ್ರಗಳಲ್ಲಿ ಮೈಕ್ ಕಟ್ಟುವವರು ಕೇಳಿದರೆ ಬಿದ್ದು ಬಿದ್ದು ನಕ್ಕಾರು. ಆದರೆ ಅದಕ್ಕೆಂದೇ ಅಪ್ಪ ಸಾಗುವಾನಿಯಲ್ಲಿ ಎರಡು ದೊಡ್ಡ ಪೆಟ್ಟಿಗೆ ಮಾಡಿ, ಹಗುರ ಕಾಗದದ ಅಗಲವಾದ ಸ್ಪೀಕರುಗಳನ್ನು ಕೂರಿಸಿದ್ದರು. ಆ ಎಂಟು ವ್ಯಾಟಿನಲ್ಲೇ ವೀಣೆಯ ತಂತಿ ಕೈಗೆ ಸಿಗುವಷ್ಟು ಹತ್ತಿರ ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಎಣ್ಣೆನೀರಾದ ಮೇಲೆ ಮನೆಯಲ್ಲಿ ಹಾಡು. ಎರಡು ಪೆಟ್ಟಿಗೆಗಳಿಗೂ ಸಮದೂರದಲ್ಲಿ ಕೂತರೆ ಮಾತ್ರ ಹಾಡುವವರು ಎದುರಿಗೇ ಕೂತಂತೆ ಕೇಳುತ್ತದೆಂದು ಅಪ್ಪ ಅಲ್ಲೊಂದು ಬೆಂಚು ಹಾಕಿದ್ದರು. ಬೆಂಚಿನಲ್ಲಿ ಇಬ್ಬರಿಗೆ ಜಾಗ. ಒಬ್ಬರು ಅಪ್ಪ, ಇನ್ನೊಬ್ಬಳು ತಾಳ ಹಾಕಲು ಬರುತ್ತದೆನ್ನುವ ಕಾರಣಕ್ಕೆ ಅಕ್ಕ. ಗೋದಾ ನೆಲದ ಮೇಲೆ, ಪೆಟ್ಟಿಗೆಗಳ ನಡುವೆ ಗೋಡೆಗೊರಗಿ, ಅವರಿಬ್ಬರಿಗೆ ಎದುರಾಗಿ ಕೂರುತ್ತಿದ್ದಳು. ಅಕ್ಕನ ನೀಲಿ ರಿಬ್ಬನ್ನು, ಮುಚ್ಚಿದ ಕಣ್ಣು, ತೊಡೆಯ ಮೇಲೆ ಎಣಿಸುವ ಬೆರಳು ಎಲ್ಲವನ್ನೂ ಅಲ್ಲಿಂದ ನೋಡಿ ನೋಡಿ ಅವಳ ಹೊಟ್ಟೆ ಉರಿಯುತ್ತಿತ್ತು.

ಅಪ್ಪ ಕೊನೆಗಾಲದಲ್ಲಿ ತಮ್ಮ ಸಾಮಾನುಗಳನ್ನು ಹಂಚಿದರು. ಗೋದಾಗೆ ಒಂದು ಟ್ರಂಕು ಕೊಟ್ಟು, ನಿನ್ನ ಪಾಲಿನದು ಎಲ್ಲಾ ಇದರಲ್ಲಿದೆ, ಒಂದು ಸಲ ಬಿಚ್ಚಿ ನೋಡು ಅಂದರು. ಮುಚ್ಚಳ ಎತ್ತಿದರೆ ಮೇಲೇ ಪಂಚೆಯಲ್ಲಿ ಸುತ್ತಿದ ಆಂಪ್ಲಿಫೈಯರ್ ಕಂಡಿತು. ಅವಳು ಹಿಗ್ಗಿ ಹೋದಳು. ಅದೇ ವಾರ ಸಾಗುವಾನಿ ಪೆಟ್ಟಿಗೆಗಳೆರಡೂ ಟೆಂಪೋ ಏರಿ ವಿಶ್ವೇಶ್ವರಪುರದ ಅಕ್ಕನ ಮನೆಗೆ ಹೊರಟವು, ಡ್ರೈವರ್ ಪಕ್ಕದಲ್ಲಿ ಅಪ್ಪನೇ ಕೂತು ಹೋದರು. ತಂಗಿಗೆ ಗಂಟಲು, ಅಕ್ಕನಿಗೆ ಬಾಯಿ. ಇದೆಂಥ ಹಂಚಿಕೆ ಅಂತ ಗೋದಾ ರಾಘವನ ಮುಂದೆ ಅತ್ತಳು. ಅಪ್ಪನನ್ನು ಮಾತ್ರ ಕೇಳಲಿಲ್ಲ. ಮುನಿಸಿಕೊಂಡು ಟ್ರಂಕನ್ನು ಮನೆಯ ಹಿಂದಿನ ಸಣ್ಣ ಕೋಣೆಗೆ ತಳ್ಳಿ, ಮೇಲೊಂದು ಹೊದಿಕೆ ಎಳೆದಳು. ಸ್ವಲ್ಪ ದಿನಕ್ಕೆ ಅಪ್ಪ ಹೋದರು. ಆಮೇಲೆ ಏಳೆಂಟು ವರ್ಷ ಆ ಟ್ರಂಕನ್ನು ಯಾರೂ ಮುಟ್ಟಲಿಲ್ಲ.

ಅಕ್ಕ ಆ ಪೆಟ್ಟಿಗೆಗಳಲ್ಲಿ ಹಾಡನ್ನಾದರೂ ಕೇಳಿದಳೇ? ಅದೂ ಇಲ್ಲ. ದಸರೆಯಲ್ಲಿ ಅವೆರಡನ್ನು ದೂರ ದೂರ ನಿಲ್ಲಿಸಿ, ಮೇಲೆ ಹಲಗೆ ಹಾಸಿ, ಕಾಂಜೀವರಂ ಸೀರೆ ಹೊದಿಸಿ ಗೊಂಬೆ ಕೂರಿಸುತ್ತಿದ್ದಳು. ಅರಿಶಿನ ಕುಂಕುಮಕ್ಕೆ ಬಂದವರೆಲ್ಲರ ಮುಂದೆ, ಇದು ನಮ್ಮಪ್ಪ ಮಾಡಿದ ಪೆಟ್ಟಿಗೆ, ಎಂಥಾ ಮರ ನೋಡಿ ಅನ್ನುತ್ತಿದ್ದಳು. ಗೋದಾ ಎಲ್ಲರ ಜೊತೆ ಆರತಿ ಹಾಡುತ್ತ, ಸೀರೆಯ ಅಂಚಿನ ಕೆಳಗೆ ಇಣುಕುವ ಸಾಗುವಾನಿಯ ಕಾಲುಗಳನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಈ ವರ್ಷ ರಾಘವ ಬ್ಯಾಂಕಿನಿಂದ ನಿವೃತ್ತನಾದ. ಮನೆಯಲ್ಲಿ ಕೂತವನು ಒಂದು ದಿನ ಹಿಂದಿನ ಕೋಣೆ ಗುಡಿಸಿ, ಇಲ್ಲೇ ನಿಮ್ಮಪ್ಪನ ಆಂಪ್ಲಿಫೈಯರ್ ಇಡೋಣ ಅಂದ. ಕೋಣೆ ಚಿಕ್ಕದು, ಎರಡು ಕುರ್ಚಿ, ಒಂದು ಬೀರು, ಗೋಡೆಗೆ ಆ ಟ್ರಂಕು, ಅಷ್ಟಕ್ಕೇ ತುಂಬಿತು. ಗೋದಾ ಆಂಪ್ಲಿಫೈಯರನ್ನು ಹೊರಗೆ ತೆಗೆದಳು. ಅದರಡಿ ಅಪ್ಪನ ಪಂಚೆ, ಸ್ವೆಟರುಗಳು, ನುಸಿಗುಳಿಗೆಯ ವಾಸನೆ. ಆ ಬಟ್ಟೆಗಳನ್ನು ಕದಲಿಸಲು ಮನಸ್ಸು ಬರದೆ ಮುಚ್ಚಳ ಹಾಕಿಬಿಟ್ಟಳು. ಎಸ್.ಪಿ. ರಸ್ತೆಯಲ್ಲಿ ಅಂಗಡಿ ಇಟ್ಟಿರುವ ಅನಿಲ್ ಕುಮಾರ್ ಆಂಪ್ಲಿಫೈಯರಿನೊಳಗೆ ಒಣಗಿದ್ದ ಕೆಲವು ಭಾಗಗಳನ್ನು ಬದಲಾಯಿಸಿಕೊಟ್ಟ. ವಾಲ್ವುಗಳು ಕೆಂಪಾದವು. ಇನ್ನು ಬೇಕಾದದ್ದು ಸ್ಪೀಕರ್.

ಚಿಕ್ಕ ಕೋಣೆ, ಕಡಿಮೆ ಶಕ್ತಿ. ಚಿಕ್ಕ ಸ್ಪೀಕರೇ ಸರಿ ಎಂದು ಗೋದಾ ಲೆಕ್ಕ ಹಾಕಿದಳು. ಗಣಿತದ ಟೀಚರು. ಅನಿಲ್ ಕುಮಾರನೂ ತಲೆಯಾಡಿಸಿ, ಕೇಳಿ ನೋಡಿ ಅಂತ ಮೊಳದುದ್ದದ ಒಂದು ಚೆಂದದ ಜೋಡಿ ಕೊಟ್ಟ. ಟ್ರಂಕಿನ ಮೇಲೆ ಅವನ್ನಿಟ್ಟು, ಮನೆಯಲ್ಲಿದ್ದ ಟೇಪಿನಲ್ಲಿ ಅಪ್ಪನ ಹಳೇ ಕ್ಯಾಸೆಟ್ ಹಾಕಿದರೆ, ಹಾಡುವವರು ಕಂಬಳಿ ಹೊದ್ದು ಮಲಗಿದಲ್ಲಿಂದಲೇ ಹಾಡಿದಂತಿತ್ತು. ವಾಲ್ಯೂಮ್ ಪೂರ್ತಿ ತಿರುಗಿಸಿದರೆ ಆಂಪ್ಲಿಫೈಯರ್ ಏದುಸಿರು ಬಿಟ್ಟು ಸ್ವರ ಒಡೆಯಿತು. ವಾಪಸ್ ಕೊಡಲು ಹೋದಾಗ ಅನಿಲ್ ಕುಮಾರ್ ತಾನೂ ತಪ್ಪಿದೆ ಅಂತ ಒಪ್ಪಿಕೊಂಡ. ಈಗಿನ ಚಿಕ್ಕ ಸ್ಪೀಕರುಗಳ ಒಳಗಿನ ತಟ್ಟೆ ಭಾರ, ಅದನ್ನು ಅಲುಗಿಸಲು ಐವತ್ತೋ ನೂರೋ ವ್ಯಾಟ್ ತಳ್ಳಬೇಕಂತೆ.

ಮುಂದೆ ರಾಘವನ ಸ್ನೇಹಿತರೊಬ್ಬರ ಮನೆಯಿಂದ ಎದೆಯೆತ್ತರದ ಕಂಬಗಳಂಥ ಜೋಡಿ ಬಂತು. ಅವು ಕೋಣೆಯೊಳಗೆ ನಿಂತರೆ ಮನುಷ್ಯರು ಅಡ್ಡಡ್ಡ ನಡೆಯಬೇಕು. ಮೃದಂಗ ಶುರುವಾದ ಕೂಡಲೇ ಬೀರುವಿನ ಬಾಗಿಲು ಗಡಗಡ ಅಂದಿತು. ಮೃದಂಗ ಮಾತ್ರ ಪಕ್ಕದ ಬೀದಿಯಲ್ಲಿ ಲಾರಿ ಹೋದಂತೆ ಕೇಳಿತು. ಮೂಲೆಯಿಂದ ಈಚೆಗೆ ಎಳೆದರು, ಗೋಡೆಗೆ ರಜಾಯಿ ನೇತುಹಾಕಿದರು, ಏನೂ ಪ್ರಯೋಜನವಾಗಲಿಲ್ಲ. ನಿಮ್ಮಪ್ಪ ಎಂಟು ವ್ಯಾಟಿನಲ್ಲಿ ಮನೆ ತುಂಬಿಸಿದರು, ನೀನು ಎಂಟುನೂರು ವ್ಯಾಟಿನಲ್ಲಿ ಬೈತೀಯ ಅಂತ ರಾಘವ ಕಾಲೆಳೆದ. ಗೋದಾಗೆ ನಗು ಬರಲಿಲ್ಲ.

ಕೊನೆಗೆ ಅನಿಲ್ ಕುಮಾರನೇ ಕೈಚೆಲ್ಲಿದ. "ಮೇಡಂ, ಇದಕ್ಕೆ ಹಗುರ ಕಾಗದದ್ದು ಬೇಕು, ದೊಡ್ಡ ಮರದ ಪೆಟ್ಟಿಗೇಲಿ. ಹಳೇ ಕಾಲದೋರು ಮಾಡ್ಕೋತಿದ್ರಲ್ಲ, ಅಂಥದ್ದು. ನಿಮ್ಮ ನೆಂಟರ ಮನೇಲಿ ಯಾರ ಹತ್ರಾನಾದ್ರೂ ಬಿದ್ದಿದ್ರೆ ಕೇಳಿ ನೋಡಿ."

ಯಾರ ಹತ್ತಿರ ಬಿದ್ದಿದೆ ಎಂದು ಗೋದಾಗೆ ಚೆನ್ನಾಗಿ ಗೊತ್ತಿತ್ತು. ಕೇಳಿದರೆ ಅಕ್ಕ ಕೊಡುತ್ತಾಳೆ. ಅದೇ ಕಷ್ಟ. ಹಳೇ ಲಂಗ ಕೊಟ್ಟಂತೆ ಕೊಟ್ಟು, ಅದನ್ನೂ ಬಂದವರೆಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಾಳೆ. ಅಪ್ಪ ನಿನಗೆ ಕೊಡಲಿಲ್ಲ, ನಾನು ಕೊಟ್ಟೆ ಅನ್ನುವ ಹಾಗಾಗುತ್ತದೆ. ಬೇಡವೇ ಬೇಡ ಅಂದುಕೊಂಡಳು. ಆದರೂ ಸರಸ್ವತಿ ಪೂಜೆಯ ದಿನ ಅಕ್ಕನ ಮನೆಗೆ ಹೊರಟಾಗ, ಆ ಸ್ಪೀಕರುಗಳ ಕಾಗದ ಇನ್ನೂ ಚೆನ್ನಾಗಿದೆಯೋ ಇಲ್ಲವೋ ಒಮ್ಮೆ ನೋಡಿಬಿಡಬೇಕೆಂದು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದಳು.

ಮಧ್ಯಾಹ್ನ. ಬಂದಿದ್ದ ಮುತ್ತೈದೆಯರು ತಾಂಬೂಲ ತೆಗೆದುಕೊಂಡು ಹೋಗಿದ್ದರು. ಅಕ್ಕ ಕಡಲೆ ಉಸಲಿ ತರಲು ಅಡುಗೆಮನೆಗೆ ಹೋದಳು. ಗೋದಾ ಗೊಂಬೆಗಳ ಪಕ್ಕಕ್ಕೆ ಸರಿದು, ಮಂಡಿಯೂರಿ, ಕಾಂಜೀವರಂ ಅಂಚನ್ನು ಎತ್ತಿದಳು. ಪೆಟ್ಟಿಗೆಯ ಮುಂದಿನ ಜಾಲರಿ ಬಟ್ಟೆ ಹಾಗೇ ಇತ್ತು. ತೆರೆದಿದ್ದ ಹಿಂಬದಿಯಿಂದ ಒಳಗೆ ಕೈ ಹಾಕಿದಳು. ಮೊಣಕೈವರೆಗೆ ಹೋಯಿತು, ಭುಜದವರೆಗೆ ಹೋಯಿತು, ಏನೂ ತಗಲಲಿಲ್ಲ. ಗೊಂಬೆ ಸುತ್ತಿಡುವ ಹಳೇ ಪೇಪರು ಕೈಗೆ ಬಂತು. ಗಾಬರಿಯಲ್ಲಿ ಭುಜ ಎಳೆದುಕೊಂಡಾಗ ಹಲಗೆ ಅಲುಗಿ, ಮೇಲಿನ ಅಂಗಡಿ ಶೆಟ್ಟಿ ಗೊಂಬೆ ಉರುಳಿ, ಅವನ ಮುಂದಿನ ಅಕ್ಕಿ ಬೇಳೆ ರಾಶಿಯೆಲ್ಲ ಅವಳ ತಲೆಯ ಮೇಲೆ ಸುರಿಯಿತು. ತಟ್ಟೆ ಹಿಡಿದು ಬಂದ ಯಮುನಾಗೆ ಕಂಡದ್ದು ಇದು.

ಬೇರೆ ಸಮಯದಲ್ಲಾಗಿದ್ದರೆ ಗೋದಾ ನಾಚಿಕೆಯಿಂದ ಸಾಯುತ್ತಿದ್ದಳು. ಈಗ ಅವಳಿಗೆ ಬರೀ ಸಿಟ್ಟಿತ್ತು. "ಅಪ್ಪನ ಸ್ಪೀಕರ್ ಎಲ್ಲಿ ಅಕ್ಕಾ? ಏನ್ ಮಾಡ್ಬಿಟ್ಟೆ ಅದನ್ನ? ಗುಜರಿಗೆ ಹಾಕಿದ್ಯಾ?"

ಯಮುನಾ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟಳು. "ನನ್ನ ಕೇಳ್ತೀಯಲ್ಲೇ. ಅದು ಇರೋದು ನಿನ್ನ ಹತ್ರ ಅಲ್ವಾ?"

ಆಮೇಲೆ ಅಕ್ಕ ಶೆಟ್ಟಿಯನ್ನು ಎತ್ತಿ ಕೂರಿಸುತ್ತ, ಚೆಲ್ಲಿದ ಬೇಳೆ ಆಯುತ್ತ, ಗೋದಾಳ ಮುಖ ನೋಡದೆ ಎಲ್ಲಾ ಹೇಳಿದಳು. ಅಪ್ಪ ಸಾಮಾನು ಹಂಚಿದ ವರ್ಷ ಅವಳ ಮನೆಯ ಗೊಂಬೆ ಮೆಟ್ಟಿಲಿಗೆ ಗೆದ್ದಲು ಹಿಡಿದಿತ್ತು. ಪೆಟ್ಟಿಗೆಗಳನ್ನು ಕೊಡಿ ಅಂತ ಅಪ್ಪನನ್ನು ಅವಳೇ ಕೇಳಿದಳು. ಅಪ್ಪ ಒಪ್ಪಿ, ತಿರುಪುಗಳನ್ನು ಬಿಚ್ಚಿ ಒಳಗಿನ ಸ್ಪೀಕರುಗಳನ್ನು ತೆಗೆದುಕೊಂಡರು. ಅವೂ ಇರಲಿ ಅಪ್ಪ, ನಾನೂ ಕೇಳ್ತೀನಿ ಅಂದದ್ದಕ್ಕೆ, ನಿಮ್ಮದು ತುಂಬಿದ ಮನೆ, ಕೂತು ಕೇಳಲು ನಿನಗೆಲ್ಲಿ ಪುರುಸೊತ್ತು, ಮರ ನಿನಗೆ, ಹಾಡು ಗೋದಾಗೆ ಅಂತ ನಕ್ಕರಂತೆ.

"ಬಂದೋರಿಗೆಲ್ಲ ನಮ್ಮಪ್ಪ ಮಾಡಿದ್ದು ಅಂತ ತೋರಿಸ್ತೀನಿ. ಒಳಗೆ ಖಾಲಿ ಅಂತ ಹೇಳೋಕಾಗತ್ತಾ?" ಅಕ್ಕನ ಸ್ವರ ತಗ್ಗಿತು. "ನೀನು ಪ್ರತಿ ಭಾನುವಾರ ಹಾಕ್ಕೊಂಡು ಕೂತಿರ್ತೀಯ ಅಂದ್ಕೊಂಡಿದ್ದೆ ಗೋದಾ. ನಂಗೆ ಹೊಟ್ಟೆ ಉರೀತಿತ್ತು. ಇಷ್ಟು ವರ್ಷದಲ್ಲಿ ಒಂದು ಸಲನೂ, ಅಕ್ಕಾ, ಕೇಳೋಕೆ ಬಾ ಅಂತ ಕರೀಲಿಲ್ಲ ನೀನು."

ಗೋದಾ ಎದ್ದು ನಿಂತಳು. ತಲೆಯಲ್ಲಿ ಉಳಿದಿದ್ದ ಅಕ್ಕಿ ಕಾಳುಗಳನ್ನು ಕೊಡವಿಕೊಂಡು, ಉಸಲಿ ತಿನ್ನದೆ ಆಟೋ ಹತ್ತಿದಳು.

ದಾರಿಯುದ್ದಕ್ಕೂ ಅವಳಿಗಾದದ್ದು ಪಶ್ಚಾತ್ತಾಪವಲ್ಲ, ಸಂತೋಷ. ಹಾಡು ಗೋದಾಗೆ ಅಂದಿದ್ದರು ಅಪ್ಪ. ಅಕ್ಕ ಬೇಕು ಅಂತ ಕೇಳಿದರೂ ಕೊಟ್ಟಿರಲಿಲ್ಲ. ಹುಟ್ಟಿದಾಗಿನಿಂದ ಒಂದೇ ಒಂದು ಸಲ ಗೆದ್ದಿದ್ದಳು, ಅದೂ ತಿಳಿಯದೇ ಇಷ್ಟು ವರ್ಷ ಕಳೆದಿತ್ತು. ಚಪ್ಪಲಿ ಬಿಡುವುದನ್ನೂ ಮರೆತು ಹಿಂದಿನ ಕೋಣೆಗೆ ಹೋಗಿ, ಟ್ರಂಕಿನ ಮೇಲಿದ್ದ ಹೊದಿಕೆ ಎಳೆದು, ಸ್ವೆಟರುಗಳನ್ನೆಲ್ಲ ಹೊರಗೆ ಹಾಕಿದಳು. ತಳದಲ್ಲಿ ಪಂಚೆಯಲ್ಲಿ ಕಟ್ಟಿದ ಎರಡು ಗುಂಡನೆಯ ಗಂಟುಗಳಿದ್ದವು.

ಮೊದಲನೆಯದನ್ನು ಬಿಚ್ಚಿದಳು. ಕಪ್ಪು ಕಾಗದ, ಒಂದು ಸುಕ್ಕೂ ಇಲ್ಲ. ಬೆರಳ ತುದಿಯಲ್ಲಿ ಮುಟ್ಟಿದರೆ ಉಸಿರಾಡುವಂತೆ ಒಳಗೆ ಹೋಗಿ ಈಚೆ ಬಂತು. ಎರಡನೆಯ ಗಂಟು ಕೈಗೆತ್ತಿಕೊಂಡಾಗಲೇ ಕೆಳಗಿನಿಂದ ಕಾಗದದ ಚೂರುಗಳು ಉದುರಿದವು. ಟ್ರಂಕಿನ ಮೂಲೆ ತುಕ್ಕು ತಿಂದು ತೂತಾಗಿತ್ತು. ಇಲಿ ಅಲ್ಲಿಂದ ನುಗ್ಗಿ, ಅಪ್ಪನ ಸ್ಪೀಕರನ್ನು ಹರಿದು, ಗೂಡು ಕಟ್ಟಿ, ಮರಿ ಹಾಕಿ, ಹೋಗಿಯೂ ಆಗಿತ್ತು. ಉಳಿದದ್ದು ಅಯಸ್ಕಾಂತ ಮತ್ತು ಬಳೆಯಂಥ ಕಬ್ಬಿಣದ ಚೌಕಟ್ಟು. ಒಂದು ಸಲ ಬಿಚ್ಚಿ ನೋಡು ಅಂದಿದ್ದರು ಅಪ್ಪ. ಅವಳು ಬಿಚ್ಚಿ ನೋಡದೆ, ಅದರ ಮೇಲೇ ಊರವರ ಸ್ಪೀಕರುಗಳನ್ನೆಲ್ಲ ಇಟ್ಟು ಪರೀಕ್ಷೆ ಮಾಡಿದ್ದಳು.

ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಅತ್ತು ಮುಗಿದ ಮೇಲೆ ಬಂದ ಯೋಚನೆ ಒಳ್ಳೆಯದಲ್ಲ. ಬಿನ್ನಿಪೇಟೆಯ ಬಡಗಿ ಮುನಿಸ್ವಾಮಿಯ ಹತ್ತಿರ ಒಂದು ಹೊಸ ಪೆಟ್ಟಿಗೆ ಮಾಡಿಸಿಕೊಂಡರಾಯಿತು. ಟ್ರಂಕಿನಲ್ಲಿ ಏನೂ ಇರಲಿಲ್ಲ, ಅಪ್ಪ ಯಾರಿಗೋ ಕೊಟ್ಟುಬಿಟ್ಟಿರಬೇಕು ಅಂತ ಅಕ್ಕನಿಗೆ ಹೇಳಿದರಾಯಿತು. ಆಗ ಇಲಿಯ ವಿಷಯವೂ ಹೇಳಬೇಕಿಲ್ಲ, ಉಳಿದ ಒಂದನ್ನು ಹಂಚಿಕೊಳ್ಳಬೇಕಾಗಿಯೂ ಇಲ್ಲ. ಮರ ಅವಳಿಗೆ, ಹಾಡು ನನಗೆ, ಅಪ್ಪನೇ ಹೇಳಿದ್ದಾರಲ್ಲ. ಆ ಸುಳ್ಳನ್ನು ಅವಳು ವಿಜಯದಶಮಿಯವರೆಗೂ ಬಾಯಲ್ಲಿಟ್ಟುಕೊಂಡೇ ಓಡಾಡಿದಳು. ಪಟ್ಟದ ಗೊಂಬೆಗಳನ್ನು ಮಲಗಿಸುವ ಹೊತ್ತಿಗೆ, ತನ್ನ ಮನೆಯ ಮೆಳ್ಳಗಣ್ಣಿನ ರಾಜ ತನ್ನನ್ನೇ ನೋಡುತ್ತಿದ್ದಾನೆ ಅನ್ನಿಸಿತು. ಅವನನ್ನು ರಾಣಿಯ ಪಕ್ಕ ಮಲಗಿಸಿ, ಫೋನು ಕೈಗೆತ್ತಿಕೊಂಡಳು.

"ಅಕ್ಕಾ," ಅಂದಳು. ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. "ಭಾನುವಾರ ಕೇಳೋಕೆ ಬಾ. ಪೆಟ್ಟಿಗೆ ತಗೊಂಡ್ ಬಾ."

ಭಾನುವಾರ ಟೆಂಪೋದಲ್ಲಿ ಪೆಟ್ಟಿಗೆಗಳು ಬಂದವು, ಡ್ರೈವರ್ ಪಕ್ಕದಲ್ಲಿ ಯಮುನಾ ಕೂತಿದ್ದಳು. ಮರದ ಮೇಲೆ ಅರಿಶಿನದ ಕಲೆ ಇತ್ತು. ಗೋದಾ ಅವಳನ್ನು ಒಳಗೆ ಕರೆಯುವ ಮೊದಲೇ, ಅಂಗಳದಲ್ಲಿ ನಿಂತೇ ಇಲಿಯ ವಿಷಯ ಹೇಳಿಬಿಟ್ಟಳು. ಒಳಗೆ ಹೋದರೆ ಹೇಳಲಾರೆನೆಂದು ಅವಳಿಗೆ ಗೊತ್ತಿತ್ತು. ಯಮುನಾ ಹರಿದ ಸ್ಪೀಕರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಬೈಯುತ್ತಾಳೆಂದು ಗೋದಾ ಕಾದಳು. ಅಕ್ಕ ಅಂದದ್ದು, ಅಪ್ಪ ಇದ್ದಿದ್ದರೆ ಬೈಗುಳ ತನಗೇ ಬೀಳುತ್ತಿತ್ತು, ದೊಡ್ಡವಳು ನೀನು ನೋಡಿಕೊಳ್ಳಬೇಕಿತ್ತು ಅನ್ನುತ್ತಿದ್ದರು, ಅಷ್ಟೇ.

ಅನಿಲ್ ಕುಮಾರ್ ಬಂದು ಆಂಪ್ಲಿಫೈಯರಿನ ಒಂದು ಬದಿಯ ವಾಲ್ವುಗಳನ್ನು ಬಿಚ್ಚಿಟ್ಟು, ಎರಡೂ ಬದಿಯ ಸ್ವರವನ್ನು ಒಂದಕ್ಕೇ ಸೇರಿಸಿದ. ಉಳಿದ ಸ್ಪೀಕರನ್ನು ಅದರ ಪೆಟ್ಟಿಗೆಯಲ್ಲಿ ಕೂರಿಸಿ, ಕೋಣೆಯ ಮೂಲೆಗೆ ತೀರಾ ತಾಗದಂತೆ ನಿಲ್ಲಿಸಿದ. ಇಷ್ಟು ಚಿಕ್ಕ ಕೋಣೆಗೆ ಇದೊಂದೇ ಸಾಕು, ಜೋಡಿ ಇದ್ದಿದ್ದರೆ ನಡುವೆ ಒಬ್ಬರೇ ಕೂರಬೇಕಾಗುತ್ತಿತ್ತು, ಈಗ ಎಲ್ಲಿ ಕೂತರೂ ಒಂದೇ ಅಂತ ಹೇಳಿ ಹೊರಟುಹೋದ.

ಕ್ಯಾಸೆಟ್ ತಿರುಗಿತು. ವಾಲ್ವುಗಳು ಬಿಸಿಯಾದವು. ಮೊದಲು ತಂಬೂರಿ, ಆಮೇಲೆ ಕಾಂಭೋಜಿ. ವೀಣೆ ಅಷ್ಟು ದಿನ ಎಲ್ಲಿತ್ತೋ, ಕೋಣೆಯೊಳಗೆ ಬಂದು ಕೂತಿತು. ಗೋದಾ ಕುರ್ಚಿ ತೋರಿಸಿದರೂ ಯಮುನಾ ಕೂರಲಿಲ್ಲ. ಮಂಡಿನೋವಿನ ಕಾಲನ್ನು ಮೆಲ್ಲಗೆ ಮಡಿಸಿ ನೆಲದ ಮೇಲೆ, ಪೆಟ್ಟಿಗೆಯ ಪಕ್ಕ, ಗೋಡೆಗೊರಗಿ, ಗೋದಾಗೆ ಎದುರಾಗಿ ಕೂತಳು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿ, ಆಮೇಲೆ ಕಣ್ಣು ತೆರೆದಳು.

"ನೀನು ಹೀಗೇ ನೆಲದ ಮೇಲೆ ಅಲ್ವಾ ಕೂರ್ತಿದ್ದಿದ್ದು. ನಂಗೆ ಆಗ್ಲೂ ಹೊಟ್ಟೆಕಿಚ್ಚೇ. ಬೆಂಚಿನ ಮೇಲೆ ನಂಗೆ ಬರೀ ಅಪ್ಪನ ಮೊಣಕೈ ತಗಲ್ತಿತ್ತು. ನಿಂಗೆ ಅವರ ಮುಖ ಕಾಣ್ತಿತ್ತು." ಅಕ್ಕ ಸ್ವಲ್ಪ ಮುಂದಕ್ಕೆ ಬಾಗಿದಳು. "ಹೇಳೇ ಗೋದಾ. ಹಾಡು ಕೇಳುವಾಗ ಅಪ್ಪನ ಮುಖ ಹೇಗಿರ್ತಿತ್ತು?"

ಗೋದಾ ಹೇಳಲು ಬಾಯಿ ತೆರೆದಳು. ಎಷ್ಟೋ ಭಾನುವಾರಗಳು ಅಪ್ಪನ ಎದುರಿಗೇ ಕೂತಿದ್ದಳು. ಬೆಂಚು ಕಂಡಿತು, ನೀಲಿ ರಿಬ್ಬನ್ನು ಕಂಡಿತು, ತೊಡೆಯ ಮೇಲೆ ಎಣಿಸುವ ಬೆರಳು, ಮುಚ್ಚಿದ ರೆಪ್ಪೆ, ಅಕ್ಕನ ಕಿವಿಯ ಪಕ್ಕದ ಸಣ್ಣ ಮಚ್ಚೆ ಕೂಡ ಕಂಡಿತು. ಅವಳ ಪಕ್ಕದಲ್ಲಿ ಒಂದು ಬಿಳಿ ಪಂಚೆ, ಒಂದು ಮೊಣಕೈ. ಅದಕ್ಕಿಂತ ಮೇಲಕ್ಕೆ ಏನೂ ಕಾಣಲಿಲ್ಲ. ಅಷ್ಟು ವರ್ಷ ಅವಳು ಒಂದು ಸಲವೂ ಅತ್ತ ನೋಡಿರಲಿಲ್ಲ.

"ಗೊತ್ತಿಲ್ಲ ಅಕ್ಕಾ," ಅಂದಳು ಗೋದಾ. "ನಿನ್ನ ಮುಖ ಹೇಗಿತ್ತು ಅಂತ ಬೇಕಾದ್ರೆ ಹೇಳ್ತೀನಿ."